ಕಪ್ಪೆ ತೂಗುವವಳು

ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗೆ
ಎಂದು ನಗುವವರು
ಎಡೂಲಿಯಾ ಚೆವುಕೆಮಾನಳ ಅಂಗೈ ಕಂಡಿಲ್ಲ.
ಬೊಗಸೆಯ ಕತ್ತಲೆಯಲ್ಲಿ ಒಂದು ಗಳಿಗೆ ಮುಚ್ಚಿಟ್ಟು
ತನ್ನ ಉಸಿರು ಬಿಗಿಹಿಡಿದು
ಇಳಿಸುತ್ತಾಳೆ ಬಿಲ್ಲೆಯಷ್ಟು ತಟ್ಟೆಗೆ.
ಎರಡೂವರೆ ಗ್ರಾಂ. ಎರಡೂ ಮುಕ್ಕಾಲು. ಮತ್ತೆ ಎರಡೂವರೆ.
ಅದರ ಉಸಿರೂ ತೂಕಕ್ಕೆ ಬರುತ್ತದೆ.

ಚಿಲೋಯೆ ದ್ವೀಪದಲ್ಲಿ ಜನವರಿ ಎಂದರೆ ಬೇಸಿಗೆ,
ಬೇಸಿಗೆ ಎಂದರೆ ಮಳೆ ಸ್ವಲ್ಪ ಬೆಚ್ಚಗಿರುತ್ತದೆ.
ತೆಪು ಮರಗಳಿಗೆ ನೆಟ್ಟಗೆ ನಿಲ್ಲುವ ರೂಢಿಯಿಲ್ಲ.
ಒಂದರ ಮೇಲೊಂದು ಒರಗಿ, ಹೆಣೆದು, ಹೊರಳಿ
ನೆಲವನ್ನೇ ಮರೆಮಾಡಿವೆ.
ಇಲ್ಲಿ ನಡೆಯುವುದೆಂದರೆ ಕಾಂಡದಿಂದ ಕಾಂಡಕ್ಕೆ,
ಒದ್ದೆ ಪಾಚಿ ಎಲ್ಲಿ ಕೈಕೊಡುತ್ತದೋ ಎಂಬ ಭಯದಲ್ಲಿ.

ಹಿಂದೆ ಬರುತ್ತಿದ್ದಾನೆ ಅಪ್ಪ ಬಾಲ್ದೊಮೆರೊ,
ನಲವತ್ತು ವರ್ಷ ಇದೇ ಮರ ಕಡಿದವನು.
ಒಂದು ತುಂಡು ತೆಪು ಇಟ್ಟರೆ
ಬೆಳಗಿನತನಕ ಒಲೆ ಆರುವುದಿಲ್ಲ.
ಕಾಡಿನ ಬಾಯಲ್ಲಿ ಬೋಗುಣಿಯಿಟ್ಟು, ಔಷಧಿ ನೀರಲ್ಲಿ
ಅವನ ಬೂಟು ಅದ್ದಿಸಿದ್ದಾಳೆ ಮಗಳು.
"ಕಾಡಿಗೆ ಹೋಗೋಕೆ ಕಾಲು ತೊಳೀಬೇಕಾ?
ನಾನೇನು ಇಗರ್ಜಿಗೆ ಹೊರಟಿದ್ದೀನಾ?"
"ಕಣ್ಣಿಗೆ ಕಾಣದ ಬೂಷ್ಟು ಅಪ್ಪ.
ಇವು ಉಸಿರಾಡೋದೇ ಚರ್ಮದಲ್ಲಿ,
ಅದು ಚರ್ಮವನ್ನೇ ಹಿಡಿಯುತ್ತೆ."
ಅವನು ಇನ್ನೊಂದು ಕಾಲೂ ಅದ್ದಿದ,
ಗೊಣಗುತ್ತಲೇ.

ಎಲೆಗೊಂದು ಮೂಗು ಬಂದರೆ ಹೇಗಿರುತ್ತದೋ
ಹಾಗಿದೆ ಈ ಕಪ್ಪೆ.
ಮುಟ್ಟಿದೊಡನೆ ಸತ್ತಂತೆ ಅಂಗಾತ ಬೀಳುತ್ತದೆ
ಕೇಳುವ ಮೊದಲೇ ಗುರುತಿನ ಚೀಟಿ ತೋರಿಸಿದ ಹಾಗೆ.
ಹೊಟ್ಟೆಯ ಮೇಲೆ ಕಪ್ಪು ಬಿಳಿ ಮಚ್ಚೆ,
ಯಾರೋ ಮಸಿಕುಡಿಕೆ ಎಡವಿದ ಗುರುತು.
ಒಂದರದು ಇನ್ನೊಂದಕ್ಕಿಲ್ಲ.
ಎಡೂಲಿಯಾ ಹಳೆಯ ಫೋಟೊಗಳನ್ನು ಸರಿಸುತ್ತಾಳೆ,
ಸರಿಸಿ ಸರಿಸಿ ನಿಲ್ಲುತ್ತಾಳೆ.
ಅರವತ್ತೊಂದು!
ಮೂರು ಬೇಸಿಗೆಯ ಹಿಂದೆ ಇದೇ ಬುಡ, ಇದೇ ಪಾಚಿ.
ಎಡಪಕ್ಕೆಯಲ್ಲಿ ಮುರಿದ ಬಾಚಣಿಗೆಯಂಥ ಮಚ್ಚೆ.
"ಬಾಚಣಿಗೆ ಅಲ್ಲ," ಎಂದ ಅಪ್ಪ ಬಾಗಿ ನೋಡಿ,
"ಹರಿದ ಬಲೆ."

ಗಂಟಲು ಉಬ್ಬಿದೆ.
ಹೆಣ್ಣು ಮೊಟ್ಟೆಯಿಟ್ಟು ತನ್ನ ದಾರಿ ಹಿಡಿದಳು.
ಇವನು ತರಗೆಲೆಯ ತಂಪಿನಲ್ಲಿ ಕಾದ,
ಇಪ್ಪತ್ತು ದಿನವೋ ಹೆಚ್ಚೋ.
ಒಳಗೆ ಮಿಸುಕಿದ್ದೇ ತಡ, ಬಾಯಿಗೆ ತೆಗೆದುಕೊಂಡ.
ನುಂಗಲಿಲ್ಲ.
ಹಾಡುವ ಚೀಲದಲ್ಲಿ ಇಟ್ಟುಕೊಂಡ.
ಈಗ ಅಲ್ಲಿ ಬಾಲ ಕರಗುತ್ತಿವೆ, ಕಾಲು ಚಿಗುರುತ್ತಿವೆ.
ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತದೆ ಲೋಕ.
ಇವನು ಬಾಯಿ ಬಿಟ್ಟರೆ ಮಕ್ಕಳು.

"ಎಷ್ಟಿವೆ ಒಳಗೆ?"
"ಗೊತ್ತಿಲ್ಲ. ಬಿಡಿಸಿ ನೋಡುವಂತಿಲ್ಲ."

ಹಳ್ಳದಾಚೆ ನೀಲಗಿರಿ ತೋಪು, ಸಾಲು ಸಾಲು,
ಕೆಮ್ಮಿನ ಔಷಧದ ವಾಸನೆ.
ಐದು ರಾತ್ರಿ ಅಲ್ಲಿ ಕಿವಿಯಿಟ್ಟು ಕೂತಿದ್ದಳು.
ಐದು ಸೊನ್ನೆ ಬರೆದಳು.
ಸೊನ್ನೆ ಬರೆಯಲೂ ಪೆನ್ಸಿಲ್ ಚೂಪು ಮಾಡಬೇಕು.
ಆ ತೋಪಿನಲ್ಲೂ ಒಂದು ಕಾಲಕ್ಕೆ ತೆಪು ಇತ್ತು.
ಯಾರು ಕಡಿದರೆಂದು
ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ.

ಅಪ್ಪ ಈಗ ಕೂತಿರುವ ಕಾಂಡದ ಮೇಲೆ
ಅವನೇ ಬಳಿದ ಕೆಂಪು ಗೀಟು.
ಹನ್ನೆರಡು ಮೀಟರ್ ಸೌದೆಗೆ ಕಾಸ್ತ್ರೊದ ಓಯಾರ್ಸುನ್
ಮುಂಗಡ ಕೊಟ್ಟು ಹೋಗಿದ್ದಾನೆ.
ಅದರಲ್ಲಿ ಅರ್ಧ, ಛಾವಣಿಯ ತಗಡಾಗಿ
ಆಗಲೇ ಮನೆಯ ಮೇಲೆ ಕೂತಿದೆ.
"ಅವನಿಗೆ ಏನು ಹೇಳ್ತೀಯ?"
"ಮಳೆ ಅಂತ ಹೇಳ್ತೀನಿ."
"ಮುಂದಿನ ವಾರ?"
ಟೋಪಿ ಹಿಂಡಿ ಮತ್ತೆ ತಲೆಗಿಟ್ಟುಕೊಂಡ.

ಅವಳು ಬರೆದಳು:
ಅರವತ್ತೊಂದು. ಗಂಡು. ಎರಡೂವರೆ, ಎರಡೂ ಮುಕ್ಕಾಲು.
ಮರಿಗಳು: ಇವೆ.
ಪಾಚಿಯ ಮೇಲೆ ಬಿಟ್ಟಳು. ಮೂಗು ಇದ್ದ ಎಲೆ
ಬರೀ ಎಲೆಯಾಯಿತು.

ಆಮೇಲೆ ಎಲ್ಲೋ ಬೇರುಗಳ ಕೆಳಗಿಂದ
ಪುಟ್ಟ ಗಂಟೆಯಂತೆ ನಾಲ್ಕು ಸಲ, ಬಿಟ್ಟು ಮತ್ತೆ ನಾಲ್ಕು.
"ಅವನೇನಾ?" ಎಂದ ಅಪ್ಪ.
ಅಲ್ಲ. ಅದು ಬೇರೆಯವನು,
ಇನ್ನೂ ಬಾಯಿ ಖಾಲಿ ಇರುವವನು.